ಮೂರು ಲಿಪಿ ಕಲಿಯುವ ಮಗುವಿಗೆ ಓದು ತಡವಾದರೆ ಕಾರಣ ಲಿಪಿಯಾ?

ಸೀತಾಂಗೋಳಿಯ ಅಮ್ಮ:
ಮಗ ಇಲ್ಲೇ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಮನೆಯಲ್ಲಿ ತುಳು. ಯಕ್ಷಗಾನ ನೋಡಿ ಬಂದರೆ ಇಡೀ ಪ್ರಸಂಗವನ್ನು ಮರುದಿನ ಅಜ್ಜಿಗೆ ಹೇಳುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಒಂದೊಂದೇ ಅಕ್ಷರ ಕೂಡಿಸಿ ಕೂಡಿಸಿ ಸುಸ್ತಾಗುತ್ತಾನೆ, ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾನೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಒಟ್ಟಿಗೆ ಕಲಿಸಿದ್ದರಿಂದ ಹೀಗಾಗಿದೆ ಅಂತ ನೆಂಟರು ಹೇಳುತ್ತಾರೆ. ಹೌದಾ? ಗೊತ್ತಿರುವವರು ಹೇಳಿ.

ಮಂಜೇಶ್ವರದ ರವಿ:
ಅಕ್ಕಾ, ನೆಂಟರು ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಗಡಿಯ ಮಕ್ಕಳ ಮೇಲೆ ಹೊರೆ ಜಾಸ್ತಿ. ಆದರೂ ಗಾಬರಿ ಬೇಡ, ಐದನೇ ಕ್ಲಾಸಿಗೆ ಬರುವಾಗ ತನ್ನಷ್ಟಕ್ಕೇ ಓದುತ್ತಾನೆ.

ಉಪ್ಪಳದ ಸ್ಪೀಚ್ ಥೆರಪಿಸ್ಟ್:
ರವಿಯಣ್ಣ, ಎರಡು ಮಾತಿಗೂ ನನ್ನ ಒಪ್ಪಿಗೆ ಇಲ್ಲ. ಮಾತಿಗೆ ಮೆದುಳು ಹುಟ್ಟುವಾಗಲೇ ಸಜ್ಜಾಗಿರುತ್ತದೆ, ಓದಿಗೆ ಹಾಗಿಲ್ಲ. ಬರವಣಿಗೆ ಬಂದು ಸುಮಾರು 5000 ವರ್ಷ ಆಯಿತು ಅಷ್ಟೇ, ಅಷ್ಟರಲ್ಲಿ ಓದಿಗೆ ಅಂತಲೇ ಒಂದು ಜಾಗ ಮೆದುಳಿನಲ್ಲಿ ಹುಟ್ಟಿಕೊಳ್ಳಲು ಸಮಯ ಸಾಲದು. ಹಾಗಾಗಿ ಪ್ರತಿ ಮಗುವೂ ಹಳೆಯ ಜಾಗಗಳನ್ನೇ ಹೊಸ ಕೆಲಸಕ್ಕೆ ಹಚ್ಚಬೇಕು. ಮುಖ, ವಸ್ತುಗಳನ್ನು ಗುರುತಿಸುವ ಭಾಗದ ಪಕ್ಕದಲ್ಲೇ, ಎಡಗಡೆ ಮೆದುಳಿನ ಹಿಂಭಾಗದ ತಳದಲ್ಲಿ, ಒಂದು ಜಾಗ ಅಕ್ಷರಗಳಿಗೆ ಪಳಗುತ್ತದೆ. ಫ್ರಾನ್ಸಿನ ಮೆದುಳು ಸಂಶೋಧಕರಾದ ಸ್ಟಾನಿಸ್ಲಾಸ್ ದೆಹಾನ್, ಲೊರಾಂ ಕೊಹೆನ್ ಇದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಕನ್ನಡ ಓದಿದರೂ ಚೀನೀ ಭಾಷೆ ಓದಿದರೂ ಹೆಚ್ಚುಕಡಿಮೆ ಅದೇ ಜಾಗ. ಮೂರು ಲಿಪಿಗೆ ಮೂರು ಬೇರೆ ಬೇರೆ ಕೋಣೆ ಬೇಕಾಗಿಲ್ಲ. ಹಲವು ಭಾಷೆ ಕಲಿತದ್ದರಿಂದ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಮಾತ್ರ ಹತ್ತದ ತೊಂದರೆ, ಬರುವುದಿಲ್ಲ.

ಕುಂಬಳೆ ಟೀಚರ್:
ಹೊರೆ ಇಲ್ಲವೇ ಇಲ್ಲ ಅನ್ನಬೇಡಿ. ನಾನು ದಿನಾ ನೋಡುತ್ತೇನೆ. ಕನ್ನಡವೊಂದೇ ಸಾಕು ಕಷ್ಟಕ್ಕೆ! ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ರೂಪ. ‘ಕರ್ಣ’ ಬರೆಯುವಾಗ ರ ಮೊದಲು ಕೇಳಿಸುತ್ತದೆ, ಅರ್ಕಾವತ್ತು ಣ ಆದ ಮೇಲೆ ಬರುತ್ತದೆ. ಕಿವಿ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತದೆ. ಇಂಗ್ಲಿಷಿನ 26 ಅಕ್ಷರದ ಲೆಕ್ಕವನ್ನು ಇಲ್ಲಿಗೆ ತರುವುದು ಅನ್ಯಾಯ.

ಉಪ್ಪಳದ ಸ್ಪೀಚ್ ಥೆರಪಿಸ್ಟ್:
ಟೀಚರ್, ಅದು ನಿಜ. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಬಗ್ಗೆಯೇ ಮಾಡಿದ ಅಧ್ಯಯನದಲ್ಲಿ, ನಾಲ್ಕನೇ ಕ್ಲಾಸಿನಲ್ಲೂ ಎಲ್ಲ ಅಕ್ಷರ ಹಿಡಿತಕ್ಕೆ ಬಂದಿರಲಿಲ್ಲ. ಆದ್ದರಿಂದ ಮೂರನೇ ಕ್ಲಾಸಿನಲ್ಲಿ ಒತ್ತಕ್ಷರ ತಪ್ಪಿದ ಮಾತ್ರಕ್ಕೆ ತೊಂದರೆ ಅಂತ ಹೇಳಲಾಗುವುದಿಲ್ಲ. ಜೊತೆಯ ಮಕ್ಕಳಿಗಿಂತ ತುಂಬಾ ಹಿಂದೆ ಇದ್ದಾನಾ, ಪದದ ಒಳಗಿನ ಧ್ವನಿಗಳನ್ನು ಬಿಡಿಸಲು ಬರುತ್ತದಾ, ಇದನ್ನು ನೋಡಬೇಕು. ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಲ್ಲಿ ತೊಡಕು ಇರುವುದು ಅಲ್ಲಿ, ಧ್ವನಿಯನ್ನು ಅಕ್ಷರಕ್ಕೆ ಜೋಡಿಸುವ ಕಡೆ. ಕಣ್ಣಿನದ್ದಲ್ಲ, ಬುದ್ಧಿಯದ್ದೂ ಅಲ್ಲ.

ಅಡಿಕೆ ತೋಟ, ಪೆರ್ಲ:
ನಮ್ಮ ಕಾಲದಲ್ಲಿ ಈ ಹೆಸರೇ ಇರಲಿಲ್ಲ. ಮಾಷ್ಟ್ರು ಕಾಗುಣಿತ ಬಾಯಿಪಾಠ ಮಾಡಿಸುತ್ತಿದ್ದರು, ಎಲ್ಲರೂ ಕಲಿತೆವು.

ಕುಂಬಳೆ ಟೀಚರ್:
ಎಲ್ಲರೂ ಕಲಿತರಾ ಅಣ್ಣ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ತೋಟದ ಕೆಲಸಕ್ಕೆ, ಬೀಡಿ ಕಟ್ಟಲು ಹೋದವರನ್ನು ಯಾರು ಲೆಕ್ಕ ಹಾಕಿದರು? ಈ ತೊಂದರೆಯನ್ನು ಗುರುತಿಸಿದ್ದು ಹೊಸದೂ ಅಲ್ಲ. ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ 1896ರಲ್ಲೇ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದಾರೆ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಚುರುಕು, ಓದಲು ಮಾತ್ರ ಬರುತ್ತಿರಲಿಲ್ಲ. ಅಂಥವರನ್ನು ನಮ್ಮಲ್ಲಿ ದಡ್ಡ ಅಂದು ಹಿಂದಿನ ಬೆಂಚಿಗೆ ಕಳಿಸಿದೆವು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಡಿಕೆ ತೋಟ, ಪೆರ್ಲ:
ಟೀಚರ್ ಹೇಳಿದ್ದಕ್ಕೆ ನನ್ನ ತಮ್ಮ ನೆನಪಾದ. ಶಾಲೆ ಬಿಟ್ಟವ. ಇಡೀ ತೋಟದ ಕೊಯ್ಲಿನ ಲೆಕ್ಕ ಬಾಯಲ್ಲೇ ಇಡುತ್ತಾನೆ. ಬಸ್ಸಿನ ಬೋರ್ಡ್ ಓದಲು ಬರುವುದಿಲ್ಲ. ನಲವತ್ತು ದಾಟಿದೆ. ಇನ್ನು ಕಲಿಯಬಹುದಾ?

ಉಪ್ಪಳದ ಸ್ಪೀಚ್ ಥೆರಪಿಸ್ಟ್:
ಕಲಿಯಬಹುದು ಅಣ್ಣ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಓದು ಬರಹ ಇಲ್ಲದ ದೊಡ್ಡವರಿಗೆ, ಹೆಚ್ಚಿನವರು ಹೆಂಗಸರು, ಆರು ತಿಂಗಳು ಹಿಂದಿ ಓದಲು ಕಲಿಸಿ ಮೊದಲೂ ಆಮೇಲೂ ಮೆದುಳಿನ ಸ್ಕ್ಯಾನ್ ಮಾಡಿದರು. 2017ರಲ್ಲಿ ಫಲಿತಾಂಶ ಬಂತು. ನೋಡುವ ಭಾಗಕ್ಕೂ ಮೆದುಳಿನ ಆಳದ ಭಾಗಗಳಿಗೂ ನಡುವಿನ ಹೊಂದಾಣಿಕೆಯೇ ಬದಲಾಗಿತ್ತು. ನಿಮ್ಮ ತಮ್ಮನಿಗೆ ಡಿಸ್ಲೆಕ್ಸಿಯಾ ಇದ್ದರೆ ನಿಧಾನ ಆದೀತು, ಬಾಗಿಲು ಮುಚ್ಚಿಲ್ಲ. ಬೋರ್ಡಿನ ಹೆಸರುಗಳಿಂದಲೇ ಶುರು ಮಾಡಿ, ಅವನಿಗೆ ಬೇಕಾದದ್ದು ಅದೇ ಅಲ್ವಾ.

ಮಂಜೇಶ್ವರದ ರವಿ:
ದೊಡ್ಡವರೇ ಕಲಿಯುತ್ತಾರೆ ಅಂದ ಮೇಲೆ ಮಗುವಿಗೆ ಕಾಯಬಹುದು ಅಂತ ನಾನು ಹೇಳಿದ್ದರಲ್ಲಿ ತಪ್ಪೇನು?

ಕುಂಬಳೆ ಟೀಚರ್:
ಕಾಯುವಾಗ ಪಾಠ ನಿಲ್ಲುವುದಿಲ್ಲವಲ್ಲ. ಐದನೇ ಕ್ಲಾಸಿನಲ್ಲಿ ಸಮಾಜ, ವಿಜ್ಞಾನ ಎಲ್ಲವನ್ನೂ ಓದಿಯೇ ಕಲಿಯಬೇಕು. ಓದಲು ಆಗದ ಮಗು ಕಮ್ಮಿ ಓದುತ್ತದೆ, ಕಮ್ಮಿ ಓದಿದ್ದಕ್ಕೆ ಇನ್ನೂ ಹಿಂದೆ ಬೀಳುತ್ತದೆ, ಅಷ್ಟರಲ್ಲಿ ತನಗೆ ಬುದ್ಧಿ ಇಲ್ಲ ಅಂತ ತಾನೇ ನಂಬಿಬಿಟ್ಟಿರುತ್ತದೆ. ಬೇಗ ಕೈ ಹಿಡಿದರೆ ಕೆಲಸ ಸುಲಭ.

ಸೀತಾಂಗೋಳಿಯ ಅಮ್ಮ:
ಕೈ ಹಿಡಿಯುವವರು ಯಾರು ಟೀಚರ್? ಒಮ್ಮೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಲಯಾಳದ ಹಾಳೆ ಕೊಟ್ಟು ಓದು ಅಂದರು. ಅವ ಸುಮ್ನೆ ನನ್ನ ಮುಖ ನೋಡಿದ.

ಉಪ್ಪಳದ ಸ್ಪೀಚ್ ಥೆರಪಿಸ್ಟ್:
ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ಅದನ್ನು ಮರೆತುಬಿಡಿ ಅಕ್ಕ. ಮಗು ಹೆಚ್ಚು ಕಲಿತ ಲಿಪಿಯಲ್ಲಿ ಓದು ನೋಡಬೇಕು, ಧ್ವನಿಯ ಆಟವನ್ನು ಮನೆ ಭಾಷೆಯಲ್ಲೇ ಆಡಿಸಬೇಕು. ‘ತಾರಾಯಿ’ (ತೆಂಗಿನಕಾಯಿ) ಎಂಬ ಪದದಲ್ಲಿ ತಾ ತೆಗೆದರೆ ಏನು ಉಳಿಯುತ್ತದೆ ಅಂತ ತುಳುವಿನಲ್ಲೇ ಕೇಳಿ. ಒಂದೇ ಧ್ವನಿಯಲ್ಲಿ ಶುರುವಾಗುವ ಮೂರು ಪದ ಹೇಳಿಸಿ. ಹಾಳೆ, ಪೆನ್ನು ಏನೂ ಬೇಡ.

ಕುಂಬಳೆ ಟೀಚರ್:
ಇನ್ನೊಂದು ಮಾತು. ತುಳು ಮಾತಾಡುವ ಮಕ್ಕಳು ಭ ಇರುವಲ್ಲಿ ಬ ಬರೆಯುತ್ತಾರೆ. ಮನೆಯ ಮಾತಿನಲ್ಲಿ ಆ ವ್ಯತ್ಯಾಸ ಕೇಳಿಸದಿದ್ದರೆ ಬರೆಯುವುದು ಹೇಗೆ? ಅದನ್ನು ರೋಗದ ಲೆಕ್ಕಕ್ಕೆ ಸೇರಿಸಬೇಡಿ. ಚಿಕ್ಕ ಮಕ್ಕಳು ಅಕ್ಷರ ತಿರುವಿ ಬರೆಯುವುದಕ್ಕೂ ಹೆದರಬೇಡಿ. ಲೋಟದ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಲೋಟವೇ, ಕಣ್ಣು ಕಲಿತದ್ದು ಹಾಗೆ. ಅಕ್ಷರಕ್ಕೆ ಮಾತ್ರ ಆ ಅಭ್ಯಾಸ ಬಿಡಬೇಕು.

ಮಂಜೇಶ್ವರದ ರವಿ:
ಲಿಪಿಯ ಹೊರೆ ಬಗ್ಗೆ ನನ್ನ ಮಾತು ಹಾಗೇ ಇರಲಿ. ಕನ್ನಡ ಮಗುವಿಗೆ ಕನ್ನಡದಲ್ಲೇ ಪರೀಕ್ಷೆ ಆಗಬೇಕು, ಇದಕ್ಕೆ ಮಾತ್ರ ನನ್ನ ಪೂರ್ತಿ ಬೆಂಬಲ. ಪಿಟಿಎ ಮೀಟಿಂಗಿನಲ್ಲಿ ಎತ್ತುತ್ತೇನೆ. ಬರೆದು ಕೊಡುವವರು ಇದ್ದರೆ ಸಹಿ ಹಾಕಿಸುವ ಕೆಲಸ ನನ್ನದು.

ಉಪ್ಪಳದ ಸ್ಪೀಚ್ ಥೆರಪಿಸ್ಟ್:
ನಾನು ಬರೆಯುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಕಲಿಕೆಯ ತೊಂದರೆಯೂ ಸೇರಿದೆ, ಅದನ್ನೇ ಮುಂದಿಡೋಣ. ಅಕ್ಕ, ಅಷ್ಟರವರೆಗೆ ಕಾಯುವುದು ಬೇಡ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ನೋಡುತ್ತಾರೆ. ಹೋಗುವಾಗ ಅವನ ಕನ್ನಡ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಂತ ಕೂತ ಕೂಡಲೇ ಹೇಳಿ. ಅಜ್ಜಿಗೆ ಪ್ರಸಂಗ ಹೇಳುತ್ತಾನಲ್ಲ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ. ಮಾತಿಗೂ ಓದಿಗೂ ಎಷ್ಟು ಅಂತರ ಇದೆ ಅಂತ ಅವರಿಗೆ ಗೊತ್ತಾಗಲಿ.