ಕವಳೆ ಗಿಡ ನೆಲಕ್ಕೆ ಹಬ್ಬುತ್ತಿಲ್ಲ, ಎಲೆ ಹಳದಿಯಾಗುತ್ತಿದೆ

ಪ್ರಶ್ನೆ (ಚಿತ್ರದುರ್ಗದಿಂದ):
ಮನೆ ಹಿಂದೆ ಕಲ್ಲು ತುಂಬಿದ ಕೆಂಪು ಮಣ್ಣಿನ ಇಳಿಜಾರು ಇದೆ. ಜೋರು ಮಳೆ ಬಂದರೆ ಮಣ್ಣು ಕೊಚ್ಚಿ ಹೋಗುತ್ತದೆ. ಜೋಗಿಮಟ್ಟಿ ಗುಡ್ಡದಲ್ಲಿ ಕವಳೆ ಅನ್ನೋ ಮುಳ್ಳಿನ ಪೊದೆ ನೆಲಕ್ಕೆ ಅಂಟಿಕೊಂಡು ಹಬ್ಬಿದ್ದು ನೋಡಿ, ಹೋದ ಜೂನ್‌ನಲ್ಲಿ 12 ಸಸಿ ನೆಟ್ಟೆ. ಗುಂಡಿಗೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಡ್ರಿಪ್‌ನಲ್ಲಿ ದಿನಾ ನೀರು. ಈಗ ಗಿಡಗಳು ಮೊಣಕಾಲು ದಾಟಿ ನೆಟ್ಟಗೆ ಬೆಳೆದಿವೆ, ಅಕ್ಕಪಕ್ಕ ಹಬ್ಬಿಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿವೆ. 3 ಸತ್ತೇ ಹೋದವು. ಇನ್ನೂ ಗೊಬ್ಬರ ಬೇಕಾ?

ಉತ್ತರ (ದಾವಣಗೆರೆಯಿಂದ):
ಬೇಡ ಅಕ್ಕ, ಮೊದಲು ಡ್ರಿಪ್ ನಿಲ್ಲಿಸಿ. ಗಿಡದ ಪಕ್ಕ ಒಂದು ಗೇಣು ಅಗೆದು ಮಣ್ಣು ಹಿಡಿದು ನೋಡಿ. ಕೈಗೆ ಅಂಟುವಷ್ಟು ಹಸಿ ಇದ್ದರೆ ಬೇರು ಕೊಳೆಯುತ್ತಿದೆ ಅಂತಲೇ ಲೆಕ್ಕ. ಕಲ್ಲು ನೆಲದಲ್ಲಿ ತೋಡಿದ ಗುಂಡಿ ಬಾನಿಯ ಹಾಗೆ ನೀರು ಹಿಡಿದಿಡುತ್ತದೆ. ಗುಂಡಿಯ ತಗ್ಗಿನ ಅಂಚು ಒಡೆದು ನೀರಿಗೆ ದಾರಿ ಮಾಡಿ. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಒಂದು ಕೊಡ ಸಾಕು.

ಗುಡ್ಡದ ಕವಳೆ ತಗ್ಗಾಗಿರೋದಕ್ಕೆ ಆಡು ಕುರಿಗಳೂ ಕಾರಣ. ಕುಡಿ ಮೇಯ್ದಷ್ಟೂ ಪಕ್ಕದ ರೆಂಬೆ ಹೊಡೆಯುತ್ತದೆ, ಬೇರಿನಿಂದಲೂ ಮರಿ ಏಳುತ್ತದೆ. ನಿಮ್ಮಲ್ಲಿ ಆ ಕೆಲಸ ಕತ್ತರಿ ಮಾಡಬೇಕು. ಆದರೆ ಈ ಬಿಸಿಲಲ್ಲಿ ಬೇಡ. ಮಳೆ ಹಿಡಿದ ಮೇಲೆ ನೆಲದಿಂದ ಒಂದು ಗೇಣು ಬಿಟ್ಟು ಸವರಿ. ಬಿಳಿ ಹಾಲು ಸುರಿಯುತ್ತದೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ:
ಅಗೆದು ನೋಡಿದೆ, ನೀವು ಹೇಳಿದ್ದು ನಿಜ, ತಳ ಪೂರಾ ಕೆಸರು. ಡ್ರಿಪ್ ತೆಗೆಸಿದೆ. ಸತ್ತ ಜಾಗಕ್ಕೆ ಏನು ಮಾಡಲಿ? ಮತ್ತೆ, ಇದು ಉಪ್ಪಿನಕಾಯಿ ಹಾಕುವ ದೊಡ್ಡ ಕರಂಡೆ ಇರಬಹುದು ಅಂತ ಪಕ್ಕದ ಮನೆಯವರು ಹೇಳುತ್ತಾರೆ.

ಉತ್ತರ:
ಅದನ್ನೂ ನೋಡಲೇಬೇಕು. ಕರಂಡೆ ಆಳೆತ್ತರ ದಾಟಿ ಬೆಳೆಯುತ್ತದೆ, ಬೇಲಿಗೆ ಒಳ್ಳೆಯದು. ಅದರ ಕಾಯಿ ದಪ್ಪ, ಕೆಂಪು ಬಣ್ಣ ತಿರುಗಿ ಪೂರಾ ಮಾಗಿದಾಗ ಕಪ್ಪಾಗುತ್ತದೆ. ನಮ್ಮ ಕವಳೆ ಎಲೆ ಚಿಕ್ಕದು, ಹಣ್ಣು ಬಟಾಣಿಯಷ್ಟು, ಮಾಗಿದರೆ ಇದೂ ಕಪ್ಪು. ಚಿಕ್ಕವರಿದ್ದಾಗ ಅರೆಗಾಯಿ ತಿಂದು ತುಟಿಗೆ ಹಾಲು ಮೆತ್ತಿಸಿಕೊಂಡವರಿಗೆ ಅದರ ರುಚಿ ಮರೆಯೋದಿಲ್ಲ, ಅಲ್ವಾ?

ಖಾಲಿ ಜಾಗಕ್ಕೆ ಕಡ್ಡಿ ಚುಚ್ಚಬೇಡಿ, ಸುಲಭಕ್ಕೆ ಬೇರು ಬಿಡೋದಿಲ್ಲ. ಮಳೆಗಾಲದಲ್ಲಿ ಬದುಕಿರುವ ಗಿಡದ ಒಂದು ರೆಂಬೆ ಬಗ್ಗಿಸಿ. ನೆಲ ಮುಟ್ಟುವಲ್ಲಿ ತೊಗಟೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ, ಮೇಲೆ ಕಲ್ಲು ಇಡಿ. ಬೇರು ಗಟ್ಟಿಯಾಗುವವರೆಗೆ ತಾಯಿ ಗಿಡದಿಂದ ಕತ್ತರಿಸಬೇಡಿ. ಬೀಜದಿಂದಲೂ ಆಗುತ್ತದೆ. ಆದರೆ ಹಣ್ಣು ತಿಂದ ದಿನವೇ ಬೀಜ ತೊಳೆದು ಬಿತ್ತಿ, ಒಣಗಿಸಿ ಇಟ್ಟರೆ ಹುಟ್ಟೋದು ಕಷ್ಟ.

ಪ್ರಶ್ನೆ:
ಎಲೆ ಚಿಕ್ಕದೇ ಇದೆ ಅಣ್ಣ, ಸಮಾಧಾನ ಆಯಿತು. ಮಳೆ ಬರಲಿ, ಎರಡು ರೆಂಬೆ ಬಗ್ಗಿಸಿ ಫೋಟೋ ಹಾಕುತ್ತೇನೆ.