ಅನ್ನನಾಳ ಹರಿದು ಆಪರೇಷನ್ ಆದವರು ಮತ್ತೆ ಓಡಬಹುದಾ? ಯಾವ ತಂಡದಲ್ಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮಣ್ಣನಿಗೆ 46 ವರ್ಷ. 10 ಕಿಲೋಮೀಟರ್ 52 ನಿಮಿಷದಲ್ಲಿ ಓಡುತ್ತಿದ್ದ. ನಾಲ್ಕು ತಿಂಗಳ ಹಿಂದೆ ಊಟ ಜಾಸ್ತಿಯಾಗಿ, ಜೋರಾಗಿ ವಾಂತಿಯಾಗಿ ಅನ್ನನಾಳವೇ ಹರಿಯಿತು. ಎದೆಯ ಎಡಭಾಗ ತೆರೆದು ಹೊಲಿದರು. ಈಗ ಅನ್ನ, ರೊಟ್ಟಿ ತಿನ್ನುತ್ತಾನೆ, ದಿನಾ ವಾಕಿಂಗ್ ಹೋಗುತ್ತಾನೆ. ನಮ್ಮ ಗುಂಪಿನಲ್ಲಿ ವೇಗದ ಪ್ರಕಾರ ಎ, ಬಿ, ಸಿ ಅಂತ ಮೂರು ತಂಡ. ಹಳೆಯ ಬಿ ತಂಡಕ್ಕೇ ಬರುತ್ತೇನೆ ಅಂತಾನೆ. ಬರಬಹುದಾ?

ಉತ್ತರ (ಎದೆ ಶಸ್ತ್ರಚಿಕಿತ್ಸಕ): ಅವರು ನಡೆದಾಡುತ್ತಿದ್ದಾರೆ ಅಂತ ಕೇಳಿ ತುಂಬಾ ಖುಷಿಯಾಯಿತು. ಇದು ಸಣ್ಣ ಕಾಯಿಲೆ ಅಲ್ಲ. 1724ರಲ್ಲಿ ಡಚ್ ವೈದ್ಯ ಹರ್ಮನ್ ಬೂರ್ಹಾವೆ ಇದನ್ನು ಮೊದಲು ವಿವರಿಸಿದಾಗ ಅವರ ರೋಗಿ ಬದುಕಲಿಲ್ಲ. ಹರಿದ ಜಾಗವನ್ನು ಹೊಲಿದು ರೋಗಿಯನ್ನು ಉಳಿಸಿದ ವರದಿಯನ್ನು ಲಂಡನ್ನಿನ ನಾರ್ಮನ್ ಬ್ಯಾರೆಟ್ ಪ್ರಕಟಿಸಿದ್ದು 1947ರಲ್ಲಿ.

ಸಾಮಾನ್ಯವಾಗಿ ಹರಿಯುವುದು ಅನ್ನನಾಳದ ಕೆಳಭಾಗ, ಎಡಮಗ್ಗುಲು. ಅದಕ್ಕೇ ಎಡಗಡೆ ತೆರೆಯುತ್ತೇವೆ. ಹೊರಗಿನ ಮಾಂಸದ ಪದರದಲ್ಲಿ ಕಾಣುವ ಸೀಳಿಗಿಂತ ಒಳಪದರದ ಸೀಳು ಉದ್ದ ಇರುತ್ತದೆ. ಹಾಗಾಗಿ ಮಾಂಸವನ್ನು ಇನ್ನಷ್ಟು ಬಿಡಿಸಿ, ಒಳಸೀಳಿನ ಎರಡೂ ತುದಿ ಕಂಡ ಮೇಲೆ ಒಳಪದರ, ಆಮೇಲೆ ಹೊರಪದರ ಹೊಲಿಯುತ್ತೇವೆ. ಕರುಳಿಗಿರುವಂಥ ಗಟ್ಟಿ ಹೊರಹೊದಿಕೆ ಅನ್ನನಾಳಕ್ಕಿಲ್ಲ, ಹೊಲಿಗೆ ಬೇಗ ಬಿಟ್ಟುಕೊಳ್ಳಬಹುದು. ಅದಕ್ಕೆ ಪಕ್ಕದ ಪಕ್ಕೆಲುಬಿನ ಸ್ನಾಯುವನ್ನು ತಂದು ಮೇಲೆ ಹೊದಿಸುವುದೂ ಉಂಟು.

ಇಷ್ಟೆಲ್ಲ ಆದ ದೇಹ ಇದು. ಆಪರೇಷನ್ ಮಾಡಿದ ಡಾಕ್ಟರು ಒಪ್ಪಿದರೆ ಓಡಲಿ, ಆದರೆ ಸಿ ತಂಡದಿಂದ ಶುರುಮಾಡಲಿ. ಮೊದಲು ನಡಿಗೆ, ನಡುನಡುವೆ ಒಂದೊಂದು ನಿಮಿಷ ಓಟ. ಓಡುತ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಊಟವಾಗಿ ಮೂರು ಗಂಟೆ ಕಳೆಯಲಿ. ನುಂಗುವಾಗ ಸಿಕ್ಕಿಕೊಂಡಂತಾದರೆ ಓಟ ಬಿಟ್ಟು ಮೊದಲು ತೋರಿಸಿ, ಹೊಲಿದ ಜಾಗ ಕಿರಿದಾಗಿರಬಹುದು.

ಮರುಪ್ರಶ್ನೆ: ಸಿ ಅಂದರೆ ಅವನಿಗೆ ಬೇಜಾರು ಡಾಕ್ಟ್ರೇ. ವಯಸ್ಸಿನ ಲೆಕ್ಕದ ಅಂಕ ನೋಡಿ ತಂಡ ಕೊಡಬಾರದಾ?

ಉತ್ತರ (ತರಬೇತುದಾರ): ಡಾಕ್ಟರು ಹೇಳಿದ್ದು ಸರಿ. ಆ ವಯಸ್ಸಿನ ಗಂಡಸರ ಅಥವಾ ಹೆಂಗಸರ ವಿಶ್ವದ ಅತ್ಯುತ್ತಮ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿದರೆ ಶೇಕಡಾವಾರು ಅಂಕ ಬರುತ್ತದೆ. 60 ಬಂದರೆ ಸ್ಥಳೀಯ ಮಟ್ಟ, 70 ಪ್ರಾದೇಶಿಕ, 80 ರಾಷ್ಟ್ರೀಯ, 90 ವಿಶ್ವ ಮಟ್ಟ. 10 ಕಿಲೋಮೀಟರ್ 60 ನಿಮಿಷದಲ್ಲಿ ಓಡುವ 65ರ ಅಮ್ಮನ ಅಂಕ, 50 ನಿಮಿಷದ 30ರ ಹುಡುಗನಿಗಿಂತ ಜಾಸ್ತಿ. ಅವರಿಗೆ ದೊಡ್ಡ ಗೌರವ ಸಲ್ಲಬೇಕು. ಆದರೂ ಇಬ್ಬರೂ ಜೊತೆಗೆ ಓಡೋಕಾಗಲ್ಲ, ಅಲ್ವಾ? ತಂಡಕ್ಕೆ ಬೇಕಿರುವುದು ಈಗಿನ ವೇಗ. ದೊಡ್ಡ ಓಟಗಳಲ್ಲೂ ಇತ್ತೀಚಿನ ಟೈಮಿಂಗ್ ನೋಡಿಯೇ ಹಿಂದೆ ಮುಂದೆ ನಿಲ್ಲಿಸುತ್ತಾರೆ. ಅಣ್ಣನಿಗೆ ಡಾಕ್ಟರು ಜೋರು ಓಟಕ್ಕೆ ಒಪ್ಪಿದ ಮೇಲೆ 5 ಕಿಲೋಮೀಟರ್ ಓಡಿಸಿ ಸಮಯ ನೋಡೋಣ. ಅಲ್ಲಿವರೆಗೆ ನಾನೇ ಸಿ ತಂಡದಲ್ಲಿ ಅವರ ಪಕ್ಕ ಓಡುತ್ತೇನೆ.

ಇನ್ನೊಬ್ಬರು: ಲಾಂಗ್ ರನ್ ಮುಗಿದ ಮೇಲೆ ನನಗೂ ಒಮ್ಮೊಮ್ಮೆ ವಾಂತಿ ಆಗುತ್ತದೆ. ಭಯಪಡಬೇಕಾ?

ಉತ್ತರ (ಎದೆ ಶಸ್ತ್ರಚಿಕಿತ್ಸಕ): ಓಡಿದ ಮೇಲಿನ ವಾಂತಿಯಿಂದ ಅನ್ನನಾಳ ಹರಿಯುವುದು ತೀರಾ ಅಪರೂಪ. ಆದರೆ ವಾಂತಿಯಾದ ಕೂಡಲೇ ಎದೆಯಲ್ಲಿ ಸಹಿಸಲಾಗದ ನೋವು ಬಂದರೆ, ಉಸಿರು ಸಿಕ್ಕದಿದ್ದರೆ, ಕುತ್ತಿಗೆ ಊದಿ ಚರ್ಮ ಮುಟ್ಟಿದಾಗ ಚರಚರ ಅಂದರೆ ಕಾಯಬೇಡಿ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಬೇಡಿ, ನೀರೂ ಕುಡಿಯಬೇಡಿ. ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ, "ಮೊದಲು ವಾಂತಿ, ಆಮೇಲೆ ನೋವು" ಅಂತ ಹೇಳಿ. ಇದನ್ನು ಹೃದಯಾಘಾತ ಅಂದುಕೊಂಡೇ ಎಷ್ಟೋ ಸಲ ಹೊತ್ತು ಕಳೆಯುತ್ತದೆ. 24 ಗಂಟೆಯೊಳಗೆ ಹೊಲಿದರೆ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು.