ರೇಡಿಯೋಹೆಡ್‌ನ ‘ಕ್ರೀಪ್’: 78, 7, 34, ಚಾರ್ಟಲ್ಲಿ ಯಾವುದು ಸರಿ? ಮತ್ತೆ ಹಾಡು ಯಾಕೆ ಸಪ್ಪೆ?

ತುಂಗಾತೀರ (ಶಿವಮೊಗ್ಗ):
ಕಾಲೇಜು ಫೆಸ್ಟ್‌ಗೆ ಬ್ರಿಟನ್ನಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ‘ಕ್ರೀಪ್’ ನುಡಿಸ್ತಿದ್ದೀವಿ. ನಿರೂಪಣೆಗೆ ಚಾರ್ಟ್ (ಜನಪ್ರಿಯ ಹಾಡುಗಳ ಪಟ್ಟಿ) ಸ್ಥಾನ ಬೇಕು, ಒಂದೊಂದು ಕಡೆ ಒಂದೊಂದು ಅಂಕಿ ಇದೆ. ಗಿಟಾರ್ ಕಾರ್ಡು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗುಚ್ಛ, ನಾಲ್ಕೇ (ಜಿ, ಬಿ ಮೈನರ್, ಸಿ, ಸಿ ಮೈನರ್), ಆದ್ರೂ ಕೇಳೋಕೆ ಏನೋ ಸಪ್ಪೆ.

ಸಾಗರದ ಬೇಸು:
ಮೂರೂ ಸರಿ, ಚಾರ್ಟು ಬೇರೆ ಬೇರೆ. 1992ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಿಡುಗಡೆ, 78ಕ್ಕೆ ನಿಂತಿತು. ಬಿಬಿಸಿ ರೇಡಿಯೋ 1 ಇದು ಭಾರೀ ಖಿನ್ನ ಅಂತ ಹೆಚ್ಚು ಹಾಕಲೇ ಇಲ್ಲ. ಆಮೇಲೆ ಇಸ್ರೇಲಿನ ರೇಡಿಯೋದಲ್ಲಿ ಓಡಿತು, 1993ರಲ್ಲಿ ಅಮೆರಿಕದ ಸ್ಟೇಷನ್‌ಗಳು ಹಿಡಿದವು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಮಾಡರ್ನ್ ರಾಕ್ ಪಟ್ಟಿಯಲ್ಲಿ 2, ಹಾಟ್ 100ರಲ್ಲಿ 34. ಮಾಡರ್ನ್ ರಾಕ್ ಬರೀ ಆ ಬಗೆಯ ರಾಕ್ ಸ್ಟೇಷನ್‌ಗಳ ಪ್ರಸಾರದ ಲೆಕ್ಕ. ಹಾಟ್ 100ರಲ್ಲಿ ಎಲ್ಲ ಬಗೆಯ ಹಾಡುಗಳ ಜೊತೆ ಪೈಪೋಟಿ, ಮಾರಾಟವೂ ಸೇರುತ್ತೆ, ಅದಕ್ಕೇ ಅಷ್ಟು ಅಂತರ. 1993ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಮರುಬಿಡುಗಡೆ ಆದಾಗ 7. ನಿರೂಪಣೆಯಲ್ಲಿ ‘ಬಿಡುಗಡೆಯಾದ ಕೂಡಲೇ ಹಿಟ್’ ಅಂತ ಮಾತ್ರ ಹೇಳಬೇಡಿ.

ಕಪ್ಪೆಚಿಪ್ಪು (ತೀರ್ಥಹಳ್ಳಿ):
ಸಪ್ಪೆ ಆಗೋಕೆ ಕಾರಣ ನಿಮ್ಮ ಬಿ ಮೈನರ್. ಅಲ್ಲಿರೋದು ಬಿ ಮೇಜರ್. ಬಿ ತಂತಿ ಒಂದನ್ನೇ ನೋಡಿ: ಜಿಗೆ 3ನೇ ಫ್ರೆಟ್ (ಗಿಟಾರ್ ಕತ್ತಿನ ಲೋಹದ ಪಟ್ಟಿ), ಬಿಗೆ 4, ಸಿಗೆ 5, ಸಿ ಮೈನರ್‌ಗೆ ಮತ್ತೆ 4, ಆಮೇಲೆ 3. ಹತ್ತಿ ಇಳಿಯೋ ಆ ಗೆರೆಯಲ್ಲೇ ಹಾಡಿನ ಜೀವ ಇರೋದು. ಮೈನರ್ ಹಾಕಿದ್ರೆ 3ರಲ್ಲೇ ಕೂತುಬಿಡುತ್ತೆ. ಒಂದೊಂದು ಕಾರ್ಡ್‌ಗೆ ಎರಡು ಬಾರ್ (ತಾಳದ ಸುತ್ತು), ವೇಗ ನಿಮಿಷಕ್ಕೆ ಸುಮಾರು 92 ಬೀಟ್. ಇಡೀ ಹಾಡು ಇದೇ ಸುತ್ತು, ಹಾಗಾಗಿ ಸದ್ದಿನ ಏರಿಳಿತ ಇಲ್ಲದಿದ್ರೆ ಕೇಳುಗ ಎದ್ದು ಟೀಗೆ ಹೋಗ್ತಾನೆ.

ಕೋರಸ್‌ಗೆ ಮುಂಚಿನ ‘ಚಕ್-ಚಕ್’ ಬ್ಯಾಂಡಿನ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್‌ದು. ಎಡಗೈ ಬೆರಳು ತಂತಿ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಡಿಸ್ಟಾರ್ಶನ್ (ಸದ್ದನ್ನು ಒರಟು ಮಾಡೋ ಪೆಡಲ್) ಹಾಕಿ ಬಲಗೈಯಲ್ಲಿ ಜೋರಾಗಿ ಹೊಡೀರಿ. ಒಂದೇ ಬೆರಳಿಟ್ರೆ ಹಾರ್ಮೋನಿಕ್ (ಗಂಟೆಯಂಥ ಎತ್ತರದ ಸ್ವರ) ಕಿರುಚುತ್ತೆ, ಎರಡು ಮೂರು ಬೆರಳು ಬೇಕು. ಪೆಡಲ್ ಲೆವೆಲ್ ಕ್ಲೀನ್ ಸದ್ದಿಗಿಂತ ಜಾಸ್ತಿ ಇರಲಿ, ಇಲ್ಲಾಂದ್ರೆ ಕೋರಸ್ ಬಂದಾಗ ಹಾಡು ಚಿಕ್ಕದಾಗುತ್ತೆ. ಎರಡನೇ ಗಿಟಾರ್ ಚರಣದಲ್ಲಿ ಕ್ಲೀನ್ ಆಗಿ ತಂತಿ ಬಿಡಿಸಿ ನುಡಿಸಲಿ.

ಸಾಗರದ ಬೇಸು:
ಅಕೂಸ್ಟಿಕ್ ಇದ್ರೆ ಇನ್ನೊಂದು. ನಮ್ಮ ಕಡೆ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತೆ, ತಂತಿ ಮೇಲೇಳುತ್ತೆ. ಬ್ಯಾರೆ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತೋ ಹಿಡಿತ) ಹಿಡಿಯೋಕೆ ಜಾಸ್ತಿ ಒತ್ತಿದಷ್ಟೂ ಶ್ರುತಿ ಏರುತ್ತೆ, ಟ್ಯೂನರ್ ಸರಿ ತೋರಿಸಿದ್ರೂ ಬಿ ಕಾರ್ಡ್ ಅಪಸ್ವರ. ಕೇಸ್ ಒಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಿ.

ತುಂಗಾತೀರ:
ಬಿ ಮೇಜರ್ ಹಾಕಿ ನೋಡಿದ್ವಿ, ಈಗ ಹಾಡಿನ ಹಾಗಿದೆ. ಕೋರಸ್‌ನ ಆ ಬೈಗುಳ ಏನು ಮಾಡೋದು?

ಕಪ್ಪೆಚಿಪ್ಪು:
ರೇಡಿಯೋಗೆ ಅಂತ ಬ್ಯಾಂಡಿನವರೇ ಬೈಗುಳದ ಜಾಗಕ್ಕೆ ‘ವೆರಿ’ ಹಾಕಿ ಇನ್ನೊಂದು ಆವೃತ್ತಿ ಮಾಡಿದ್ದಾರೆ, ಮಾತ್ರೆಯೂ ಕೂಡುತ್ತೆ. ಪ್ರಿನ್ಸಿಪಾಲ್ರು ಮುಂದಿನ ಸಾಲಲ್ಲೇ ಕೂತಿರ್ತಾರೆ, ಅದನ್ನೇ ಹಾಡಿ.